ಖಾಲಿ ಹಾಳೆಗೆ ಪ್ಯಾಚ್ ಹಾಕಿದ ಕರಿಬಸ

ಕೇಳೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಗೋಡೆಗೆ ಒರಗಿ. ನಗು ಬಂದರೆ ತಡ್ಕೋಬೇಡಿ. ಹಾಲಮ್ಮನ ಎದುರು ಮಾತ್ರ ನಗಬೇಡಿ, ಅವಳ ಕೈಯಲ್ಲಿ ಯಾವಾಗಲೂ ಸ್ಟೇಪ್ಲರ್ ಇರುತ್ತೆ.

ದಾವಣಗೆರೆಯಿಂದ ಹರಿಹರಕ್ಕೆ ಹೋಗೋ ದಾರಿಯಲ್ಲಿ, ಬಸ್ಸಿಗೆ ಮನಸ್ಸು ಬಂದರೆ ನಿಲ್ಲೋ ಊರೊಂದಿದೆ. ಆ ಊರ ಬಸ್ ಸ್ಟ್ಯಾಂಡಲ್ಲಿ ಹಾಲಮ್ಮನ ಜೆರಾಕ್ಸ್ ಅಂಗಡಿ. ಹಾಲಮ್ಮನಿಗೆ ಒಬ್ಬನೇ ಮಗ, ಕರಿಬಸ. ಮೀಸೆ ಬಂದಿತ್ತು, ಬುದ್ಧಿ ಬರೋದು ಬಾಕಿ ಇತ್ತು. ಮಕ್ಕಳು ಹೇಳಿದ್ದನ್ನ ಮಾಡೋದಿಲ್ಲ ಅಂತ ಎಲ್ಲ ತಾಯಂದಿರೂ ಅಳ್ತಾರೆ. ಹಾಲಮ್ಮ ಮಾತ್ರ, ಇವನು ಹೇಳಿದ್ದನ್ನೆಲ್ಲ ಮಾಡ್ತಾನೆ ಅಂತ ಅಳ್ತಿದ್ದಳು.

ಗಿರಾಕಿ ಏನು ಕೊಡ್ತಾರೋ ಅದನ್ನ ಹಂಗೇ ಜೆರಾಕ್ಸ್ ತೆಗಿ, ನಿನ್ನ ತಲೆ ಓಡಿಸಬೇಡ ಅಂತ ಒಂದು ದಿನ ಹೇಳಿದಳು. ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡ್ ಇಟ್ಟು ತಂದುಕೊಟ್ಟಳು. ಕರಿಬಸ ಚೀಲದ ಜೆರಾಕ್ಸ್ ತೆಗೆದ. ಹಿಂದೆ ಮುಂದೆ ಎರಡೂ ಕಡೆ. ಚೀಲದ ಮೇಲಿನ ಬಟ್ಟೆ ಅಂಗಡಿ ಹೆಸರು ಬಹಳ ನೀಟಾಗಿ ಬಂದಿತ್ತು.

ಹಾಲಮ್ಮನ ಕಂಪ್ಯೂಟರು ಹಳೇದು. ಅದರಲ್ಲಿ ಓಡ್ತಿದ್ದದ್ದು ಗೀಜಗ. ಗೀಜಗ ಅಂದರೆ ಕಂಪ್ಯೂಟರನ್ನ ನಡೆಸೋ ಬುನಾದಿ ತಂತ್ರಾಂಶ. ಪುಕ್ಕಟೆ ಸಿಗುತ್ತೆ. ಅದರ ಒಳಗಿನ ಕೋಡನ್ನ, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳನ್ನ, ಎಲ್ಲರಿಗೂ ಬಿಚ್ಚಿಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು, ತಪ್ಪು ಕಂಡರೆ ರಿಪೇರಿ ಮಾಡಿ ಕಳಿಸಬಹುದು. ರಿಪೇರಿಗೆ ಅವರು ಪ್ಯಾಚ್ ಅಂತಾರೆ, ಪಂಕ್ಚರ್ ಅಂಗಡಿಯವನು ಅನ್ನೋ ಹಾಗೇ. ಬಂದ ಪ್ಯಾಚನ್ನ ಒಪ್ಪೋಕೆ, ಬೈದು ವಾಪಸ್ ಕಳಿಸೋಕೆ, ಒಂದೊಂದು ಭಾಗಕ್ಕೆ ಒಬ್ಬೊಬ್ಬರು ಉಸ್ತುವಾರಿ. ಒಪ್ಪೋದು ಅಪರೂಪ, ಬೈಯೋದು ದಿನಾ.

ಈ ಗೀಜಗಕ್ಕೆ ಒಂದು ರೋಗ ಬಂತು. ಪ್ರಿಂಟರು ಒಂದು ಹಾಳೆ ಮುದ್ರಿಸಿದರೆ ಹಿಂದೆಯೇ ಒಂದು ಖಾಲಿ ಹಾಳೆ ಉಗುಳೋದು. ಕರಿಬಸ ಕೋಡಿನ ಒಳಗೆ ಕೂತು ಹುಡುಕಿದ. ಅವನಿಗೆ ಕೋಡು ಹೇಗೆ ಬಂತು ಅಂತೀರಾ? ಕಂಪ್ಯೂಟರು ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತೆ, ಇವನೂ ಹಾಗೇ. ಇಬ್ಬರಿಗೂ ಮೊದಲ ದಿನವೇ ದೋಸ್ತಿ ಆಗಿತ್ತು. ಪ್ರತಿ ಹಾಳೆ ಆದಮೇಲೆ ಇನ್ನೊಂದನ್ನ ತಳ್ಳು ಅಂತ ಯಾರೋ ಪುಣ್ಯಾತ್ಮ ಒಂದು ಸಾಲು ಬರೆದಿದ್ದ. ಕರಿಬಸ ಅದನ್ನ ಅಳಿಸಿದ. ರೋಗ ಹೋಯಿತು. ವಾರ ಕಳೆದು ಗೀಜಗದ ಹೊಸ ಆವೃತ್ತಿ ಬಂತು, ಆ ಸಾಲೂ ಜೊತೆಗೆ ಬಂತು, ರೋಗವೂ ವಾಪಸ್ ಬಂತು. ಮತ್ತೆ ಅಳಿಸಿದ, ಮತ್ತೆ ಬಂತು.

ಅಷ್ಟರಲ್ಲಿ ಹೈಸ್ಕೂಲಿನ ಹೆಡ್ ಮೇಷ್ಟ್ರು ರೇವಣಸಿದ್ದಪ್ಪನವರು ಬಂದು ಬಿಸಿ ಮುಟ್ಟಿಸಿದರು. ಹಾಲ್ ಟಿಕೆಟ್ ಮುದ್ರಿಸೋ ಕೆಲಸ ಪ್ರತಿ ವರ್ಷ ಹಾಲಮ್ಮಂದೇ. ಈ ಸಲ ಖಾಲಿ ಹಾಳೆ ಬಂದರೆ ಎದುರಿಗಿರೋ ಬಕ್ಕೇಶನ ಅಂಗಡಿಗೆ ಕೊಡ್ತೀನಿ ಅಂದರು. ಆ ಕೆಲಸ ಹೋದರೆ ಅಂಗಡಿಯ ಶಟರ್ ಎಳೆದ ಹಾಗೇ. ಹಾಲಮ್ಮ ಮಗನನ್ನ ಕೂರಿಸಿಕೊಂಡು, ಇಲ್ಲಿ ಅಳಿಸಿದರೆ ಆಗೋದಿಲ್ಲ, ಆ ಗೀಜಗದೋರಿಗೇ ಬರೆದು ಬುಡದಲ್ಲೇ ಸರಿ ಮಾಡಿಸಲೇ ಅಂದಳು.

ಪ್ರಿಂಟರ್ ಭಾಗದ ಉಸ್ತುವಾರಿ ಹುಬ್ಬಳ್ಳಿಯ ಹೊಂಬಳ ಮೇಡಂ. ಕರಿಬಸ ಅವರಿಗೆ ಪ್ಯಾಚ್ ಕಳಿಸಿದ. ಏನು ಕಳಿಸಿದ? ಇಡೀ ಗೀಜಗವನ್ನೇ ಕಳಿಸಿದ, ಆ ಒಂದು ಸಾಲು ಬಿಟ್ಟು. ಮೇಡಂ ಅವರ ಮೇಲ್ ಪೆಟ್ಟಿಗೆ ತುಂಬಿ, ಉಸಿರು ಕಟ್ಟಿ, ಅವರ ಮಗಳ ಮದುವೆ ಫೋಟೋ ಸಹ ಒಳಗೆ ಬರದೆ ಹೊರಗೇ ನಿಂತವು.

ಮೇಡಂ ಉತ್ತರ ಬರೆದರು. "ತಮ್ಮಾ, ಎಷ್ಟು ಬದಲಾಗೇತಿ ಅಷ್ಟ ಕಳಸು. ಉಳಿದಿದ್ದು ನಮ್ಮ ಹತ್ರ ಐತಿ."

ಹೌದಲ್ಲ ಅಂದುಕೊಂಡ ಕರಿಬಸ. ಮಾರನೇ ದಿನ ಮೇಷ್ಟ್ರು ವಾರ್ಷಿಕೋತ್ಸವದ ಆಮಂತ್ರಣ ಕೊಟ್ಟು, ಎಲ್ಲ ಹೋದ ವರ್ಷದ್ದೇ, ತಾರೀಕು ಮಾತ್ರ ಬೇರೆ ಅಂದರು. ಕರಿಬಸ ತಾರೀಕು ಮಾತ್ರ ಮುದ್ರಿಸಿದ. ಊರ ಮನೆಮನೆಗೆ ಒಂದು ಬಿಳಿ ಹಾಳೆ ಹೋಯಿತು, ನಡುವೆ ಒಂದು ತಾರೀಕು. ಯಾರದೋ ತಿಥಿ ಅಂದುಕೊಂಡು ಕೆಲವರು ಸ್ನಾನ ಮಾಡಿದರು.

ಹಾಲಮ್ಮ ಹಣೆ ಚಚ್ಚಿಕೊಂಡಳು. ಯಾರಿಗೆ ಏನು ಕೊಟ್ಟರೂ ಮನುಷ್ಯರ ಥರ ನಾಲ್ಕು ಮಾತಾಡಿ ಕೊಡು, ಊಟ ಆಯ್ತಾ ಕೇಳು, ಮನೆ ಕಡೆ ಚೆನ್ನಾಗಿದಾರಾ ಕೇಳು ಅಂತ ಬೈದಳು.

ಹೌದಲ್ಲ ಅಂದುಕೊಂಡ ಕರಿಬಸ. ಈ ಸಲ ಪ್ಯಾಚಲ್ಲಿ ಒಂದೇ ಸಾಲು ಇತ್ತು. ಅದರ ಮೇಲಿನ ವಿವರಣೆಯಲ್ಲಿ, ಮೇಡಂ ಊಟ ಆಯ್ತಾ, ಅವ್ವನ ಮಂಡಿ ನೋವು ಹಾಗೇ ಇದೆ, ಎಮ್ಮೆ ಕರು ಹಾಕಿತು, ಗಿಣ್ಣು ಮಾಡಿದ್ವಿ, ನಿಮ್ಮ ಕಡೆ ಗಿಣ್ಣಿಗೆ ಏಲಕ್ಕಿ ಹಾಕ್ತೀರಾ ಅಂತ ಬರೆದಿದ್ದ. ಗೀಜಗದೋರ ಪದ್ಧತಿಯಲ್ಲಿ ಮೇಲ್ ಎಲ್ಲರಿಗೂ ಹೋಗುತ್ತೆ. ಜಗತ್ತಿನ ಮೂಲೆಮೂಲೆಯ ದೊಡ್ಡ ದೊಡ್ಡ ತಲೆಗಳು ಸೇರಿ ಏಲಕ್ಕಿ ಬಗ್ಗೆ ವಾದಕ್ಕೆ ಬಿದ್ದವು. ಹಾಕಬೇಕು ಅನ್ನೋರು ಒಂದು ಗುಂಪು, ಬೇಡ ಅನ್ನೋರು ಒಂದು ಗುಂಪು. ಸಿಟ್ಟು ಮಾಡಿಕೊಂಡು ಗೀಜಗವನ್ನೇ ಬಿಟ್ಟು ಹೋದೋರೂ ಇದ್ದರು. ಖಾಲಿ ಹಾಳೆ ಬಗ್ಗೆ ಒಬ್ಬನೂ ಬಾಯಿ ಬಿಡಲಿಲ್ಲ.

ಮೇಡಂ ಬರೆದರು. "ತಮ್ಮಾ, ಗಿಣ್ಣ ಬಿಡು. ಮ್ಯಾಲೆ ತಲೆಬರಹ, ಕೆಳಗ ಯಾಕ ಮಾಡಿದಿ ಅನ್ನೋ ಕಾರಣ, ಕಡೀಕ ಇದನ್ನ ನಾನs ಮಾಡೀನಿ ಅಂತ ಬರದು ನಿನ್ನ ಪೂರ್ತಿ ಹೆಸರು ಹಾಕು. ಅದಿಲ್ಲದ ಒಂದೂ ಕಾಗದ ಹೊರಗ ಬಿಡಬ್ಯಾಡ."

ಹೌದಲ್ಲ ಅಂದುಕೊಂಡ ಕರಿಬಸ. ಆವತ್ತು ಕಟಿಂಗ್ ಶಾಪಿನ ತಿಪ್ಪೇಶಿ, ಹೊಸದಾಗಿ ಹುಟ್ಟಿದ ಮಗನ ಜನನ ಪತ್ರ ಜೆರಾಕ್ಸಿಗೆ ತಂದ. ಕರಿಬಸ ಪ್ರತಿ ತೆಗೆದು, ಮೇಲೆ 'ಮಗು' ಅಂತ ತಲೆಬರಹ ಕೊಟ್ಟು, ಕಾರಣ ಗೊತ್ತಿಲ್ಲ ಅಂತ ಬರೆದು, ಕೆಳಗೆ 'ಇದನ್ನು ನಾನೇ ಮಾಡಿದ್ದು, ಹಾಲಮ್ಮನ ಮಗ ಕರಿಬಸಪ್ಪ' ಅಂತ ಸಹಿ ಹಾಕಿಕೊಟ್ಟ. ತಿಪ್ಪೇಶಿ ಅದನ್ನ ಮನೆಗೆ ಹೋಗಿ ಓದಿದ. ಆಮೇಲೆ ಕ್ಷೌರದ ಕತ್ತಿ ಹಿಡಿದು ವಾಪಸ್ ಬಂದ. ಹಾಲಮ್ಮ ಮಗನನ್ನ ಜೆರಾಕ್ಸ್ ಮಷೀನಿನ ಹಿಂದೆ ತಳ್ಳಿ, ತಿಪ್ಪೇಶಿಗೆ ಟೀ ತರಿಸಿ, ಇವನಿಗೆ ಮಗು ಎಲ್ಲಿಂದ ಬರುತ್ತೆ ಅನ್ನೋದೂ ಗೊತ್ತಿಲ್ಲಪ್ಪಾ ಅಂತ ಕೈಮುಗಿದಳು. ತಿಪ್ಪೇಶಿ ಕರಿಬಸನ ಮುಖ ನೋಡಿದ. ನಂಬಿದ.

ಇನ್ನು ಮೇಲೆ ಕೈಯಿಂದ ಏನು ಬಿಡೋದಿದ್ದರೂ ಮೊದಲು ಊರಲ್ಲಿ ಮೂರ್ನಾಲ್ಕು ಜನಕ್ಕೆ ತೋರಿಸು, ಅವರು ಸರಿ ಅಂದರೆ ಬಿಡು ಅಂದಳು ಹಾಲಮ್ಮ.

ಹೌದಲ್ಲ ಅಂದುಕೊಂಡ ಕರಿಬಸ. ಪ್ಯಾಚನ್ನ ಕಾಗದದ ಮೇಲೆ ಮುದ್ರಿಸಿಕೊಂಡು ಬೀದಿಗೆ ಹೊರಟ. ಆಮೇಲೆ ಮೇಡಂಗೆ ಹೋದ ಇಮೇಲಲ್ಲಿ ತಲೆಬರಹ ಇತ್ತು, ಕಾರಣ ಇತ್ತು, ಸಹಿ ಇತ್ತು, ಅದರ ಕೆಳಗೆ ಪರಿಶೀಲಿಸಿದವರ ಹೆಸರೂ ಇತ್ತು. ಕಟಿಂಗ್ ಶಾಪ್ ತಿಪ್ಪೇಶಿ: ಸೈಡಲ್ಲಿ ಇನ್ನೊಂಚೂರು ತೆಗೀಬಹುದಿತ್ತು. ಮಿರ್ಚಿ ಬಂಡಿ ದುರುಗಪ್ಪ: ಕಾಗದ ಚೆನ್ನಾಗಿದೆ, ಎಣ್ಣೆ ಹೀರುತ್ತೆ. ಬಸ್ ಏಜೆಂಟ್ ಕೊಟ್ರಪ್ಪ: ನೋಡಿಲ್ಲ, ಆದರೆ ಸರಿ ಇದೆ.

ಗೀಜಗದೋರು ತಿಪ್ಪೇಶಿ ಮಾತನ್ನ ಬಹಳ ಗಂಭೀರವಾಗಿ ತಗೊಂಡರು. ಕೋಡು ಬರೆಯೋವಾಗ ಸಾಲಿನ ಸೈಡಲ್ಲಿ ಜಾಗ ಬಿಡಬೇಕೋ ಬೇಡವೋ ಅನ್ನೋದು ಅವರ ಹಳೇ ಜಗಳ. ತಿಪ್ಪೇಶಿಯವರು ಅನುಭವಸ್ಥರ ಹಾಗೆ ಕಾಣ್ತಾರೆ ಅಂತ ಒಬ್ಬ ಬರೆದ. ಕೊಟ್ರಪ್ಪನ ಮಾತಿಗೆ ಯಾರೂ ಆಶ್ಚರ್ಯ ಪಡಲಿಲ್ಲ, ಅಲ್ಲಿ ಪರಿಶೀಲನೆ ನಡೆಯೋದೇ ಹಾಗೆ.

ಮೇಡಂ ಮಾತ್ರ ಪಟ್ಟು ಬಿಡಲಿಲ್ಲ. "ತಮ್ಮಾ, ಎಲ್ಲಾ ಖರೆ. ಪರೀಕ್ಷೆ ಮಾಡಿಯೇನು? ನೀರಾಗ ಮುಳುಗಿಸು, ಬೆಂಕ್ಯಾಗ ಹಾಕು, ಮುರಿಯೂತನಕ ಬಡದು ನೋಡು. ತಾಳಿದ್ರ ಅಷ್ಟ ಮುಂದ ಕಳಸು."

ಹೌದಲ್ಲ ಅಂದುಕೊಂಡ ಕರಿಬಸ. ಹೆಡ್ ಮೇಷ್ಟ್ರು ತಮ್ಮ ಗುರುತಿನ ಚೀಟಿ ಲ್ಯಾಮಿನೇಷನ್ನಿಗೆ ಕೊಟ್ಟಿದ್ದರು. ಕರಿಬಸ ಲ್ಯಾಮಿನೇಷನ್ ಮಾಡಿ, ಬಕೆಟ್ಟಿನಲ್ಲಿ ಮುಳುಗಿಸಿದ. ತಾಳಿತು. ಬಸ್ಸಿನ ಚಕ್ರದ ಕೆಳಗೆ ಇಟ್ಟ. ತಾಳಿತು. ಕೊನೆಗೆ ದುರುಗಪ್ಪನ ಬಾಣಲೆಗೆ ಇಳಿಸಿದ. ಮೆಣಸಿನಕಾಯಿ ನಡುವೆ ಮೇಷ್ಟ್ರ ಮುಖ ಒಂದು ಸಲ ಉಬ್ಬಿತು, ಬಾಯಿ ಓರೆ ಆಯಿತು, ಕಂದು ಬಣ್ಣಕ್ಕೆ ತಿರುಗಿತು. ಚೀಟಿ ಕೇಳೋಕೆ ಬಂದ ಮೇಷ್ಟ್ರಿಗೆ ಕರಿಬಸ ಅದನ್ನ ಪೇಪರಲ್ಲಿ ಸುತ್ತಿ, ಈರುಳ್ಳಿ ಸಮೇತ ಕೊಟ್ಟ. ತಾಳಲಿಲ್ಲ ಮೇಷ್ಟ್ರೇ, ಹೊಸದು ಮಾಡಿಸಿ ಅಂದ.

ಮೇಷ್ಟ್ರು ಎದುರಿಗಿರೋ ಬಕ್ಕೇಶನ ಅಂಗಡಿ ಕಡೆ ಒಂದು ಸಲ ನೋಡಿ ಹೋದರು. ಹಾಲಮ್ಮನಿಗೆ ಆ ನೋಟವೇ ಸಾಕಾಯಿತು. ಶಾಲೆ ತನಕ ಹಿಂದೆ ಓಡಿ, ಕಾಲು ಹಿಡಿದು, ಸೋಮವಾರ ಹಾಲ್ ಟಿಕೆಟ್ ತನ್ನಿ, ಒಂದು ಖಾಲಿ ಹಾಳೆ ಬಂದರೂ ಬಕ್ಕೇಶನಿಗೇ ಕೊಡಿ ಅಂತ ಒಪ್ಪಿಸಿಕೊಂಡು ಬಂದಳು. ಬಂದು ಮಗನಿಗೆ ಕೈ ಮುಗಿದಳು. ನಿನಗೆ ಪುಣ್ಯ ಬರುತ್ತೆ ಕಣೋ, ಸೋಮವಾರದ ತನಕ ಯಾರು ಏನು ಕೇಳಿದರೂ ಬಾಯಿ ಬಿಡಬೇಡ, ಕೈ ಆಡಿಸಬೇಡ, ಸುಮ್ಮನೆ ಕೂತ್ಕೋ ಅಂದಳು.

ಹೌದಲ್ಲ ಅಂದುಕೊಂಡ ಕರಿಬಸ. ಕೂತ. ಹೊಂಬಳ ಮೇಡಂ ಪ್ರಶ್ನೆ ಕಳಿಸಿದರು, ಇವನು ಸುಮ್ಮನಿದ್ದ. ಒಬ್ಬ ಬೈದ, ಸುಮ್ಮನಿದ್ದ. ಇನ್ನೊಬ್ಬ ಹೊಗಳಿದ, ಸುಮ್ಮನಿದ್ದ. ಗೀಜಗ ಹುಟ್ಟಿದಾಗಿಂದ ಬೈಸಿಕೊಂಡು ತಿರುಗಿ ಬೈಯದೇ ಇದ್ದ ಮನುಷ್ಯನನ್ನ ಅವರು ನೋಡಿರಲಿಲ್ಲ. ಎಂಥ ತಾಳ್ಮೆ, ಎಂಥ ಪ್ರೌಢಿಮೆ ಅಂತ ಎಲ್ಲರೂ ತಲೆದೂಗಿ ಪ್ಯಾಚನ್ನ ಒಪ್ಪಿಕೊಂಡರು. ಹೊಸ ಆವೃತ್ತಿ ಭಾನುವಾರ ಬಂತು. ಖಾಲಿ ಹಾಳೆ ನಿಂತಿತು. ಹಾಲಮ್ಮ ಪ್ರಿಂಟರಿಗೆ ಕುಂಕುಮ ಇಟ್ಟಳು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹೊಂಬಳ ಮೇಡಂಗೆ ಖುಷಿ ತಡೆಯಲಿಲ್ಲ. "ಶಾಣ್ಯಾ ಇದ್ದಿ ತಮ್ಮಾ. ಇನ್ನ ಈ ಭಾಗಕ್ಕ ನೀನs ಉಸ್ತುವಾರಿ. ಯಾರು ಏನ ತಂದ್ರೂ ಒಮ್ಮೆಗೇ ತೊಗೋಬ್ಯಾಡ. ತಪ್ಪು ಹುಡುಕು, ವಾಪಸ್ ಕಳಸು."

ಸೋಮವಾರ ಮೇಷ್ಟ್ರು ಹಾಲ್ ಟಿಕೆಟ್ ತುಂಬಿದ ಪೆನ್‌ಡ್ರೈವ್ ತಂದರು. ಹಾಲಮ್ಮ ಹೂವು ತರೋಕೆ ಹೋಗಿದ್ದಳು. ಕರಿಬಸ ಪೆನ್‌ಡ್ರೈವನ್ನ ತಿರುಗಿಸಿ ಮುರುಗಿಸಿ ನೋಡಿ, ತಲೆಬರಹ ಇಲ್ಲ, ಕಾರಣ ಇಲ್ಲ, ಕೊಟ್ರಪ್ಪನಿಗೆ ತೋರಿಸಿಲ್ಲ, ವಾಪಸ್ ತಗೊಂಡು ಹೋಗಿ ಸರಿ ಮಾಡಿ ತನ್ನಿ ಅಂದ. ಮೇಷ್ಟ್ರು ರಸ್ತೆ ದಾಟಿದರು. ಬಕ್ಕೇಶನ ಕಂಪ್ಯೂಟರಲ್ಲೂ ಓಡ್ತಿದ್ದದ್ದು ಗೀಜಗವೇ. ಅವನಿಗೂ ಅದೇ ರೋಗ ಇತ್ತು, ಭಾನುವಾರ ಅವನಿಗೂ ವಾಸಿಯಾಗಿತ್ತು. ಬಿಚ್ಚಿಟ್ಟ ಕೋಡಿಗೆ ಹಾಕಿದ ಪ್ಯಾಚು ಎಲ್ಲರಿಗೂ ಹೋಗುತ್ತೆ, ಶತ್ರುವಿಗೂ. ಕರಿಬಸ ರಸ್ತೆ ದಾಟಿ ಹೋಗಿ ನೋಡಿ ಬಂದು, ಹೂವು ಹಿಡಿದು ನಿಂತಿದ್ದ ತಾಯಿಗೆ ಹೆಮ್ಮೆಯಿಂದ ಹೇಳಿದ.

"ಅವ್ವಾ, ಬಕ್ಕೇಶಣ್ಣನಿಗೂ ಒಂದೂ ಖಾಲಿ ಹಾಳೆ ಬರ್ತಿಲ್ಲ. ನಂದೇ ಪ್ಯಾಚು."

ಕೆಲಸ ವಾಪಸ್ ಬರೋ ಹಾಗೆ ಮಗ ಹೋಗಿ ಮೇಷ್ಟ್ರ ಕಾಲು ಹಿಡಿಯಲಿ ಅಂತ ಹಾಲಮ್ಮನ ಮನಸ್ಸಿನಲ್ಲಿತ್ತು. ಬಾಯಲ್ಲಿ ಬಂದದ್ದು ಇಷ್ಟೇ. "ಹಾಳಾದವನೇ, ಎಲ್ಲ ಮೊದಲು ಹೆಂಗಿತ್ತೋ ಹಂಗೆ ಮಾಡು ಹೋಗು."

ಹೌದಲ್ಲ ಅಂದುಕೊಂಡ ಕರಿಬಸ. ಈಗ ಅವನೇ ಉಸ್ತುವಾರಿ, ಕೇಳೋರು ಯಾರು? ಅಳಿಸಿದ ಸಾಲನ್ನ ಮತ್ತೆ ಹಾಕಿದ. ತಲೆಬರಹ ಬರೆದ. ಕಾರಣ: ಅವ್ವ ಹೇಳಿದಳು. ಪೂರ್ತಿ ಹೆಸರು. ನೋಡಿದವರು ಕೊಟ್ರಪ್ಪ. ಎಷ್ಟು ಕ್ರಮಬದ್ಧವಾಗಿತ್ತು ಅಂದರೆ, ಪ್ಯಾಚ್ ಕಳಿಸೋದಾದರೆ ಹೀಗೆ ಕಳಿಸಬೇಕು ಅಂತ ಹೊಂಬಳ ಮೇಡಂ ಅದನ್ನ ಹೊಸಬರಿಗೆಲ್ಲ ತೋರಿಸಿದರು. ಸಂಜೆಯೊಳಗೆ ಜಗತ್ತಿನ ಪ್ರಿಂಟರೆಲ್ಲ ಖಾಲಿ ಹಾಳೆ ಉಗುಳೋಕೆ ಶುರು ಮಾಡಿದವು. ಬಕ್ಕೇಶನದ್ದೂ, ಹಾಲ್ ಟಿಕೆಟ್ ಕೆಲಸ ಮುಗಿಯೋಕೆ ಮುಂಚೆಯೇ.

ಮಾರನೇ ಬೆಳಿಗ್ಗೆ ಮೇಷ್ಟ್ರು ಪೆನ್‌ಡ್ರೈವ್ ಹಿಡಿದು ವಾಪಸ್ ಬಂದರು. ಖಾಲಿ ಹಾಳೆ ಎಲ್ಲಿ ಹೋದರೂ ಬರುತ್ತೆ ಅಂದಮೇಲೆ ನಿನ್ನ ಹತ್ತಿರವೇ ಬರಲಿ ಹಾಲಮ್ಮ, ಹಳೇ ಪರಿಚಯ, ಶಾಲೆಗೆ ಕಳಿಸಿಕೊಡು ಅಂದರು. ಹಾಲಮ್ಮನಿಗೆ ಹೋದ ಜೀವ ಬಂತು. ತಾನೇ ನಿಂತು ಎಲ್ಲ ಮುದ್ರಿಸಿದಳು. ಒಂದು ಹಾಲ್ ಟಿಕೆಟ್, ಒಂದು ಖಾಲಿ, ಒಂದು ಹಾಲ್ ಟಿಕೆಟ್, ಒಂದು ಖಾಲಿ. ರಾಶಿ ಬಿತ್ತು. ಬೇರೆ ಬೇರೆ ಮಾಡೋಕೆ ಮಗನನ್ನ ಕೂರಿಸಿದಳು. ಖಾಲಿ ಅನ್ನೋ ಮಾತು ಕೇಳಿದರೇ ಅವಳಿಗೆ ಸಂಕಟ, ಅದಕ್ಕೆ ಆ ಮಾತನ್ನೇ ಬಿಟ್ಟು ಹೇಳಿದಳು. "ನೋಡಪ್ಪಾ, ತಪ್ಪಿರೋ ಹಾಳೆ ಒಂದೂ ಮೇಷ್ಟ್ರ ಕೈಗೆ ಹೋಗಬಾರದು. ಏನೂ ತಪ್ಪಿಲ್ಲದ್ದನ್ನ ಮಾತ್ರ ಕಟ್ಟಿ ಕೊಟ್ಟು ಬಾ."

ಹೌದಲ್ಲ ಅಂದುಕೊಂಡ ಕರಿಬಸ. ಒಂದೊಂದೇ ಹಾಳೆ ಎತ್ತಿ ಉಸ್ತುವಾರಿಯ ಕಣ್ಣಲ್ಲಿ ನೋಡಿದ. ಈ ಹುಡುಗ ತಲೆ ಬಾಚಿಲ್ಲ. ಈ ಹುಡುಗಿ ಫೋಟೋದಲ್ಲಿ ಕಣ್ಣು ಮುಚ್ಚಿದಾಳೆ. ಇಲ್ಲಿ ಮೇಷ್ಟ್ರ ಸಹಿ ಗೆರೆ ದಾಟಿದೆ. ಹುಡುಕಿದಷ್ಟೂ ತಪ್ಪು. ತಪ್ಪಿದ್ದದ್ದನ್ನೆಲ್ಲ ಒಂದು ಕಡೆ ಹಾಕಿದ. ಅದು ದುರುಗಪ್ಪನ ಬಂಡಿಗೆ ಹೋಯಿತು, ಎಣ್ಣೆ ಹೀರೋಕೆ. ಒಂದು ಚುಕ್ಕೆಯಷ್ಟೂ ತಪ್ಪಿಲ್ಲದ ಬೆಳ್ಳನೆಯ ಹಾಳೆಗಳನ್ನ ಅಂಚು ಕೂಡಿಸಿ, ದಾರ ಹಾಕಿ ಕಟ್ಟಿ, ಮೇಲೆ ಬಹಳ ಚೆಂದಾಗಿ ಬರೆದ.

'ಇದನ್ನು ನಾನೇ ಮಾಡಿದ್ದು. ಹಾಲಮ್ಮನ ಮಗ ಕರಿಬಸಪ್ಪ.'

ಶಾಲೆಗೆ ಹೋಗಿ, ಮೇಷ್ಟ್ರೇ ಊಟ ಆಯ್ತಾ ಅಂತ ಕೇಳಿ, ಕಟ್ಟನ್ನ ಕೈಗಿಟ್ಟು ಬಂದ.