ಸುಡುಬಿಸಿಲಲ್ಲೇ ಹೊಂಗೆ ಚಿಗುರೋದು ಯಾಕೆ

ಭೂಮಿಯ ಹಸಿ ಆಗತಾನೇ ಆರಿತ್ತು. ಗಾಳಿ, ಮರ, ಮನುಷ್ಯ, ಎಲ್ಲರೂ ಆಡೋದು ಒಂದೇ ಭಾಷೆ.

ಆಗ ಜನ ಮೊಟ್ಟಮೊದಲ ಬೀದಿ ಕಟ್ಟಿದರು. ಎರಡು ಸಾಲು ಕಲ್ಲಿನ ಮನೆ, ನಡುವೆ ಸಾಲುಮರ. ಆ ಕಾಲದಲ್ಲಿ ಬೇಸಿಗೆ ಬಂದರೆ ಮಳೆ ಬೀಳುವವರೆಗೂ ಮರಗಳೆಲ್ಲ ಬೋಳು. ಬೀದಿಯ ಗೌಡ ಕೆಂಚಪ್ಪ, "ಬೋಳುಮರ ಯಾತಕ್ಕೆ? ಕಡೀರಿ, ಬೀಸಣಿಗೆ ಮಾಡೋಣ" ಅಂದ.

ಕಡಿದರು, ಬೀಸಿದರು. ಕೊಂಬೆಗಳ ಚೂರುಪಾರು ನೆರಳೂ ಹೋಗಿ ಸೆಕೆ ಹೆಚ್ಚಾಯಿತು. ಇನ್ನೊಂದು ಮರ ಕಡಿದರು, ಇನ್ನೂ ದೊಡ್ಡ ಬೀಸಣಿಗೆ ಮಾಡಿದರು. ಸೆಕೆ ಇನ್ನೂ ಹೆಚ್ಚಾಯಿತು.

ಕೊನೇ ಮನೆ ಹಾಲವ್ವನದು. ತೊಟ್ಟಿಲಲ್ಲಿ ತಿಂಗಳ ಕೂಸು, ಮೈತುಂಬ ಬೆವರುಸಾಲೆ. ಎರಡು ದಿನದಿಂದ ಹಾಲೂ ಬಿಟ್ಟಿತ್ತು. ಬೀಸಿ ಬೀಸಿ ಹಾಲವ್ವನ ರಟ್ಟೆ ಬಿದ್ದುಹೋಗಿತ್ತು. ಕೈ ನಿಂತರೆ ಕೂಸು ಕಿರುಚುತ್ತೆ, ಕೈ ಆಡಿದರೆ ಒಲೆ ಹತ್ತೋದಿಲ್ಲ.

"ಗಾಳಿಯಪ್ಪಾ, ಎಲ್ಲಿ ಹಾಳಾಗಿ ಹೋದೆ?"

"ಇಲ್ಲೇ ಇದೀನಿ ಕಣವ್ವಾ. ಕಾದ ಗೋಡೆ ಸವರಿಕೊಂಡು ಬರಬೇಕಲ್ಲ, ನಾನೇ ಬೆಂದುಹೋಗಿದೀನಿ."

ಅಷ್ಟರಲ್ಲಿ ಗೌಡನ ಜೊತೆ ಅವಳ ಬಾಗಿಲಿಗೇ ಕೊಡಲಿ ಬಂತು. ಬೀದಿಯಲ್ಲಿ ಉಳಿದಿದ್ದುದು ಅವಳ ಮನೆ ಮುಂದಿನ ಹೊಂಗೆ ಒಂದೇ.

ಹಾಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳು. "ಗೌಡ್ರೇ, ಇದನ್ನ ಕಡಿದರೆ ಎಷ್ಟು ಬೀಸಣಿಗೆ ಆಗ್ತವೆ?"

"ನೂರು."

"ಬೀಸೋಕೆ ಎಷ್ಟು ಕೈ ಬೇಕು?"

"ನೂರು."

"ನೆರಳು ಕೊಡೋಕೆ ಈ ಮರ ಯಾವತ್ತಾದರೂ ನಿಮ್ಮ ಕೈ ಕೇಳಿತ್ತಾ? ಬೀಸೋರು ನಾವು, ಬೆವರೋರು ನಾವು, ಮೀಸೆ ತಿರುವೋರು ನೀವು! ನಾಚಿಕೆ ಆಗಲ್ವಾ?"

ಗೌಡ ನಕ್ಕ. "ಎಲ್ಲಿದೆ ತಾಯಿ ನೆರಳು? ಒಂದೆಲೆ ಇದ್ದರೆ ತೋರಿಸು."

ಹಾಲವ್ವ ಹೊಂಗೆ ಕಡೆ ತಿರುಗಿದಳು. ಅವಳ ಕಣ್ಣು ಕೆಂಡ. "ಕೇಳಿಸ್ತಾ? ಮಳೆ ಬಂದ ಮೇಲೆ ಎಲೆ ಬಿಟ್ಟು ಯಾರಿಗೆ ಕೊಡ್ತೀಯೆ ನೆರಳು, ಕಪ್ಪೆಗಾ? ನನ್ನ ಕೂಸು ಬೇಯ್ತಾ ಇರೋದು ಈಗ!"

ಹೊಂಗೆಗೆ ಚುರುಕ್ ಅಂತು. ಅದಕ್ಕೂ ರೋಷ ಬಂತು. "ಸೂರ್ಯಾ, ಎಷ್ಟು ಉರೀತೀಯೋ ಉರಿ!" ಅಂದು ಬೇರು ಆಳಕ್ಕೆ ಇಳಿಸಿ ನೀರು ಹೀರಿತು. ಕೊಂಬೆಕೊಂಬೆಗೂ ಚಿಗುರು ಒಡೆಯಿತು. ಕೊಡಲಿ ಎತ್ತಿದವನ ತಲೆ ಮೇಲೇ ನೆರಳು ಬಿತ್ತು. ಅವನು ಕೊಡಲಿ ಕೆಳಗಿಟ್ಟು ಅಲ್ಲೇ ಕೂತುಬಿಟ್ಟ. ಗೌಡನೂ ಮೆಲ್ಲಗೆ ನೆರಳಿಗೆ ಸರಿದ.

ಗೋಡೆ ಆರಿತು. ಎಲೆ ಸಂದಿಯಲ್ಲಿ ನುಸುಳಿದ ಗಾಳಿ ತಣ್ಣಗೆ ಒಳಗೆ ಬಂತು. ಕೂಸು ಚಪ್ಪರಿಸಿ ಹಾಲು ಕುಡಿಯಿತು. ಹಾಲವ್ವ ಬೀಸಣಿಗೆಯನ್ನ ಒಲೆಗೆ ಹಾಕಿ ಮುದ್ದೆ ತಿರುವಿದಳು.

ಅದಕ್ಕೇ ಮಗಾ, ಇವತ್ತಿಗೂ ಯುಗಾದಿ ಬಿಸಿಲು ನೆತ್ತಿ ಸುಡುವಾಗಲೇ ಹೊಂಗೆ ಮಿರಿಮಿರಿ ಚಿಗುರುತ್ತೆ, ಅದರ ನೆರಳು ಬಿದ್ದ ಗೋಡೆಗೆ ಕೆನ್ನೆ ಇಟ್ಟರೆ ತಣ್ಣಗಿರುತ್ತೆ, ಆ ಮನೇಲಿ ಮಟಮಟ ಮಧ್ಯಾಹ್ನವೂ ಫ್ಯಾನು ಸುಮ್ಮನೆ ನಿಂತಿರುತ್ತೆ.