ಎಡಗಡೆಯ ರವೆ

"ಬುದ್ಧಿ, ಈ ಮಾತ್ರೆ ಬಿಟ್ಟುಬಿಡಲೇ?"

ಮಠದ ಪಂಕ್ತಿ ಮುಗಿದು ಎಲೆ ಎತ್ತಿದ ಮೇಲೆ ಶಂಭುಲಿಂಗ ಗುರುಗಳ ಮುಂದೆ ನಿಂತು ಕೇಳಿದ. ಮನಸ್ಸು ಒಮ್ಮೆ ಮುಗಿಲಿಗೆ ಹಾರಿ, ಒಮ್ಮೆ ಪಾತಾಳಕ್ಕೆ ಇಳಿಯುವ ಕಾಯಿಲೆ ಅವನದು. ಹೋದ ವರ್ಷ ನಿದ್ದೆಯಿಲ್ಲದೆ ಅಲೆದು ಕೆರೆಗೆ ಇಳಿದಿದ್ದವನನ್ನು ಮಠದವರೇ ಎಳೆದು ತಂದಿದ್ದರು. ಡಾಕ್ಟರು ಕೊಟ್ಟ ಮಾತ್ರೆಯಿಂದ ಮನಸ್ಸು ನೆಲೆಗೆ ನಿಂತಿತ್ತು. ಆದರೆ ಕೈ ನಡುಗುತ್ತಿತ್ತು. ಇವತ್ತು ಮಜ್ಜಿಗೆ ಬಡಿಸುವಾಗ ಯಾರದೋ ತೊಡೆಯ ಮೇಲೆ ಚೆಲ್ಲಿದ್ದ. ಪಂಕ್ತಿಯೆಲ್ಲ ನಕ್ಕಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು ಅವನಿಗೆ.

"ಡಾಕ್ಟರಿಗೆ ಹೇಳಿದೆಯಾ?"

"ಇಲ್ಲ ಬುದ್ಧಿ. ಯಾವ ಮುಖ ಇಟ್ಟುಕೊಂಡು ಹೇಳಲಿ?"

"ಇರುವ ಮುಖವೇ ಸಾಕು ಮಾರಾಯ. ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಮೃದಂಗದವನಿದ್ದ. ಮೃದಂಗದ ಎಡಗಡೆಯ ಚರ್ಮಕ್ಕೆ, ನುಡಿಸುವ ಮುಂಚೆ, ರವೆ ಕಲಸಿ ಮೆತ್ತುತ್ತಾರೆ. ದನಿಗೆ ತೂಕ ಬರುವುದು ಅದರಿಂದಲೇ. ಒಂದು ದಿನ ಅವನ ಮೇಷ್ಟರು ಮೆತ್ತಿಕೊಟ್ಟ ರವೆ ತುಸು ಹೆಚ್ಚಾಯಿತು. ಎಷ್ಟು ಬಡಿದರೂ ದನಿ ಏಳದು, ಕೈ ಸೋತುಹೋಯಿತು. ಮೇಷ್ಟರು ಪಕ್ಕದ ಕೋಣೆಯಲ್ಲೇ ಇದ್ದರು. ಕೇಳಲು ಇವನಿಗೆ ಸಂಕೋಚ. 'ಹಾಳಾದ್ದು, ಇದ್ದರೆ ತಾನೇ ಕಾಟ!' ಎಂದು ಪೂರ್ತಿ ಕೆರೆದು ಬಿಸಾಡಿದ. ಕೈ ಹಗುರಾಯಿತು. ಖುಷಿಯಿಂದ ಹೋಗಿ ಕಚೇರಿಗೆ ಕೂತ. ಮೊದಲ ಪೆಟ್ಟಿಗೇ ಎಡಗಡೆ ಖಾಲಿ ಡಬ್ಬ ಬಡಿದ ಹಾಗೆ ಕೂಗಿತು. ಹಾಡುವವಳು ಬೆಚ್ಚಿಬಿದ್ದಳು. ಹಾಡು ಅಲ್ಲಿಗೇ ನಿಂತಿತು.

ಮೇಷ್ಟರು ಬೈಯಲಿಲ್ಲ. ಹೊಸದಾಗಿ ರವೆ ಕಲಸಿ ಮೆತ್ತಿದರು. 'ಈಗ ನುಡಿಸು. ಭಾರ ಅನ್ನಿಸಿದರೆ ಬಾಯಿಬಿಟ್ಟು ಹೇಳು. ಚಿಟಿಕೆಯಷ್ಟು ತೆಗೆಯೋಣ, ಮತ್ತೆ ನುಡಿಸು. ಹದ ಸಿಗುವವರೆಗೂ ನಾನು ಇಲ್ಲಿಂದ ಏಳುವುದಿಲ್ಲ' ಎಂದರು.

"ಹದ ಸಿಕ್ಕಿತೇ ಬುದ್ಧಿ?"

"ಸಿಕ್ಕಿತು. ಕೈ ಒಂಚೂರು ನೋಯುತ್ತಲೇ ಇತ್ತಂತೆ. ಆದರೆ ಹಾಡು ಮತ್ತೆ ನಿಲ್ಲಲಿಲ್ಲ. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ. ಅಲ್ಲಿಯವರೆಗೆ ಮಾತ್ರೆ ನುಂಗು."

ಶಂಭುಲಿಂಗ ತನ್ನ ಕೈಗಳನ್ನು ಪಂಚೆಯೊಳಗೆ ಮುಚ್ಚಿಕೊಂಡ. "ನಾಳೆಯೂ ಚೆಲ್ಲಿದರೆ?"

ಗುರುಗಳು ತಮ್ಮ ಖಾಲಿ ಲೋಟವನ್ನು ಅವನ ಮುಂದೆ ಹಿಡಿದರು.

"ಮಜ್ಜಿಗೆ ಚೆಲ್ಲಿದರೆ ಒರೆಸಿಕೊಂಡೇನು ಕಣಪ್ಪಾ, ನೀನು ಹೋದರೆ ನಿನ್ನನ್ನು ಎಲ್ಲಿಂದ ತರಲಿ?"

ಶಂಭುಲಿಂಗ ನಡುಗುವ ಕೈಯಲ್ಲೇ ಮಜ್ಜಿಗೆಯ ತಂಬಿಗೆ ಎತ್ತಿಕೊಂಡು ಬಡಿಸಿದ.