ತಲೆಯ ಮೇಲೊಂದು ಕೈ

"ಕಳೆದುಹೋದ ದಿನಗಳನ್ನು ನೆನೆಯುವುದು ತಪ್ಪೇ, ಗುರುಗಳೇ?" ಎಂದು ಶಿಷ್ಯ ಸಂಕಣ್ಣ ಕೇಳಿದ.

ತಾಯಿಯಿಲ್ಲದ ಅವನನ್ನು ಸಾಕಿದವಳು ಅವನ ಅಕ್ಕ. ಅವಳು ತೀರಿಕೊಂಡು ಏಳು ವರ್ಷವಾಗಿತ್ತು. ಮಠದಲ್ಲಿ ಯಾರು ಏನು ಬಡಿಸಿದರೂ, "ನಮ್ಮಕ್ಕನ ಕೈರುಚಿ ಇದಕ್ಕಿಲ್ಲ" ಎನ್ನುತ್ತಿದ್ದ. ಅಡುಗೆಯವರಿಗೆ ಕೇಳಿ ಕೇಳಿ ಸಾಕಾಗಿತ್ತು.

ಗುರುಗಳು ನಕ್ಕು ಈ ಕತೆ ಹೇಳಿದರು.

ಒಬ್ಬ ನೇಕಾರ ಮದುವೆಯಾದ ವರ್ಷ ಹೆಂಡತಿಯೊಡನೆ ಯಾತ್ರೆಗೆ ಹೋದ. ದಾರಿಯಲ್ಲಿ ಒಂದು ಹೊಳೆ ಸುಣ್ಣಕಲ್ಲಿನ ಗವಿಯೊಳಗೆ ಹರಿಯುತ್ತಿತ್ತು. ಬಂದವರೆಲ್ಲ ದೋಣಿಯಲ್ಲಿ ಕೂತು ಗವಿ ನೋಡಿಬರುತ್ತಿದ್ದರು. ಒಳಗೆ ಕಲ್ಲುಗಳು ಆಕಳ ಕೆಚ್ಚಲಿನಂತೆ ಇಳಿಬಿದ್ದಿದ್ದವು. ಒಂದು ಕಡೆ ಚಾವಣಿ ಬಹಳ ತಗ್ಗು, ಕತ್ತಲೆ ಬೇರೆ. ಅಲ್ಲಿಗೆ ಅಂಬಿಗರದೊಂದು ಪದ್ಧತಿ ಇತ್ತು.

"ನಿಮ್ಮ ತಲೆ ನೀವು ಹಿಡ್ಕೋಬೇಡಿ. ಪಕ್ಕದವರ ತಲೆ ಮೇಲೆ ಕೈ ಇಟ್ಟು ಬಗ್ಗಿಸಿ. ನಿಮ್ಮ ತಲೆ ಅವರು ನೋಡ್ಕೋತಾರೆ" ಎಂದು ಅಂಬಿಗ ಹೇಳಿದ.

ಕತ್ತಲೆಯಲ್ಲಿ ಹೆಂಡತಿಯ ಕೈ ನೇಕಾರನ ತಲೆಯ ಮೇಲೆ ಬಂತು. ಮೇಲಿಂದ ಬೀಳುವ ಹನಿ ತಣ್ಣಗಿತ್ತು, ಕೈ ಬೆಚ್ಚಗಿತ್ತು. ಅಷ್ಟು ಸುಖ ಅವನಿಗೆ ಬದುಕಿನಲ್ಲಿ ಮತ್ತೆಂದೂ ಆಗಲಿಲ್ಲ.

ಮೂವತ್ತು ವರ್ಷದ ಮೇಲೆ ಹೆಂಡತಿ ಸತ್ತಳು. ಮಗ್ಗದ ಮುಂದೆ ಕೂತರೂ ನೇಕಾರನಿಗೆ ಗವಿಯದೇ ಧ್ಯಾನ. ಆ ಕೈಯನ್ನು ಇನ್ನೊಂದು ಸಲ ತಲೆಯ ಮೇಲೆ ಪಡೆಯದೆ ಸಾಯುವುದಿಲ್ಲ ಎಂದು ಹೊರಟೇಬಿಟ್ಟ. ಸತ್ತವಳ ಕೈ ಎಲ್ಲಿಂದ ಬರಬೇಕು? ಆಸೆಗೆ ಬುದ್ಧಿ ಹೇಳುವವರು ಯಾರು?

ದೋಣಿಯಲ್ಲಿ ಅವನ ಪಕ್ಕ ಯಾತ್ರೆಗೆ ಬಂದಿದ್ದ ಒಬ್ಬ ಮುದುಕಿ ಕೂತಳು. ಈ ಕಾಲದ ಅಂಬಿಗನೂ ಅದೇ ಮಾತು ಹೇಳಿದ. ನೇಕಾರ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ತಗ್ಗು ಬಂತು. ಕತ್ತಲೆಯಲ್ಲಿ ಒಂದು ಕೈ ಅವನ ತಲೆಯನ್ನು ಮೆಲ್ಲಗೆ ಬಗ್ಗಿಸಿತು. ಅದೇ ಹನಿ, ಅದೇ ಬಿಸುಪು. ಅವನು ಕಣ್ಣು ಮುಚ್ಚಿ ಅತ್ತ. ಬಂದದ್ದು ಸಾರ್ಥಕವಾಯಿತು ಎಂದುಕೊಂಡ.

ದೋಣಿ ಬೆಳಕಿಗೆ ಬಂದಾಗ ಮುದುಕಿಯ ಹಣೆ ಒಡೆದು ರಕ್ತ ಸುರಿಯುತ್ತಿತ್ತು.

"ನಿಮ್ಮ ಕೈ ಎಲ್ಲಿತ್ತು, ಯಜಮಾನ್ರೇ?" ಎಂದ ಅಂಬಿಗ.

ನೇಕಾರನ ಕೈಗಳೆರಡೂ ತೊಡೆಯ ಮೇಲೇ ಇದ್ದವು. ಅವನು ತಾನೇ ನೇಯ್ದ ಹೊದಿಕೆಯನ್ನು ಹರಿದು ಗಾಯಕ್ಕೆ ಕಟ್ಟಿದ. "ಇರ್ಲಿ ಬಿಡಪ್ಪ, ನೀನು ಯಾವುದೋ ಯೋಚ್ನೇಲಿದ್ದೆ" ಎಂದಳು ಮುದುಕಿ. ಕಟ್ಟುತ್ತಿದ್ದವನಿಗೆ ಒಂದು ಪ್ರಶ್ನೆ ಹೊಳೆಯಿತು. ಮೂವತ್ತು ವರ್ಷದ ಹಿಂದೆ ಅದೇ ತಗ್ಗಿನಲ್ಲಿ ಹೆಂಡತಿಯ ತಲೆಯ ಮೇಲೆ ತಾನು ಕೈ ಇಟ್ಟಿದ್ದೆನೇ? ಅವಳ ಕೈ ನೆನಪಿತ್ತು. ತನ್ನ ಕೈ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೇಳೋಣವೆಂದರೆ ಅವಳಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಸಂಕಣ್ಣ.

"ನಿಮ್ಮಕ್ಕ ಉಣ್ಣುತ್ತಿದ್ದುದು ಎಷ್ಟು ಹೊತ್ತಿಗೆ, ಸಂಕಣ್ಣ?"